ಹನ್ನೆರಡು ನಿಮಿಷ ಬೊಗಳದ ನಾಯಿ

ಮೊನ್ನೆ ಮೆಟ್ರೊದಲ್ಲಿ ನನ್ನ ಪಕ್ಕ ಬಂದು ನಿಂತ ಮನುಷ್ಯನ ಅಂಗಿಯಿಂದ ಕೂಲಂಟ್ ಎಣ್ಣೆಯ ವಾಸನೆ ಬಂತು. ಲೋಹ ಉಜ್ಜುವಾಗ ಬಿಸಿಯೇರದಿರಲೆಂದು ಮೇಲಿಂದ ಸುರಿಯುತ್ತಲೇ ಇರುವ, ಹಾಲಿನ ಬಣ್ಣದ ನೀರೆಣ್ಣೆ ಅದು. ಹೊಸತಾಗಿದ್ದಾಗ ಸೋಪಿನ ವಾಸನೆ, ಹಳತಾದಂತೆ ಮುಚ್ಚಿಟ್ಟ ಬಾವಿಯ ವಾಸನೆ. ಅವನ ಅಂಗಿಯದು ಬಾವಿ. ರೈಲು ಯಶವಂತಪುರವನ್ನೂ ದಾಟಿರಲಿಲ್ಲ, ನನಗೆ ಆಗಲೇ ಪೀಣ್ಯ ಬಂದುಬಿಟ್ಟಿತ್ತು. ಇಂಥ ವಾಸನೆಗಳಿಂದ ಜನಕ್ಕೆ ಅಮ್ಮನ ಅಡುಗೆಮನೆಯೋ ಅಜ್ಜಿಯ ಸೀರೆಯೋ ನೆನಪಾಗುತ್ತದೆ. ನನಗೆ ನೆನಪಾದದ್ದು ಪದ್ಮಾ. ಜೊತೆಗೇ ಹೊಟ್ಟೆಯಲ್ಲಿ ಆ ಹಳೆಯ ಉರಿ. ಹೊಟ್ಟೆಕಿಚ್ಚು ಎಂದು ಹೆಸರಿಟ್ಟವರು ಜಾಗವನ್ನು ಸರಿಯಾಗಿಯೇ ಗುರುತಿಸಿದ್ದಾರೆ.

ಆ ವರ್ಷದ ಮಳೆಗಾಲವನ್ನು ಹಲವರಿಗೆ ಹೇಳಿದ್ದೇನೆ. ಹೇಳಿದಷ್ಟೂ ಅದು ಚಂದವಾಗುತ್ತ ಬಂದಿದೆ. ಮೊದಲು ಇಲ್ಲದ ಗುಡುಗು ಈಗ ಸರಿಯಾದ ಜಾಗದಲ್ಲಿ ಗುಡುಗುತ್ತದೆ. ಆದ್ದರಿಂದ ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ನಂಬಬಹುದಾದದ್ದು ಒಂದೇ, ಆ ಉರಿ. ಅದು ಮಾತ್ರ ಅಂದು ಇದ್ದಷ್ಟೇ ಇದೆ, ಚಂದವಾಗಿಲ್ಲ.

ತುಮಕೂರು ರಸ್ತೆಯ ನಡುವೆ ಮೆಟ್ರೊ ಕಂಬಗಳು ಎದ್ದಿದ್ದವು, ಮೇಲೆ ರೈಲು ಬಂದಿರಲಿಲ್ಲ. ನಮ್ಮ ಆಫೀಸು ಪೀಣ್ಯದ ಎರಡನೇ ಹಂತದಲ್ಲಿ, ಗಂಗಮ್ಮ ಎಂಬಾಕೆಯ ಗ್ರೈಂಡಿಂಗ್ ಶೆಡ್ಡಿನ ಮೇಲಿನ ಕೋಣೆ. ಕೆಳಗೆ ಬೈಕುಗಳಿಗೆ ಬೇಕಾದ ಉಕ್ಕಿನ ಪಿನ್ನುಗಳನ್ನು ಕೂದಲೆಳೆಗಿಂತ ಸಣ್ಣ ಅಳತೆಯವರೆಗೆ ಉಜ್ಜಿ ನುಣ್ಣಗೆ ಮಾಡುತ್ತಿದ್ದರು. ಮೇಲೆ ನಾವು ಆ ಅಳತೆಗಳನ್ನು ಕಂಪ್ಯೂಟರಿಗೆ ತರುತ್ತಿದ್ದೆವು. ಕಂಪನಿ ಎಂದರೆ ಬಾಸು, ಪದ್ಮಾ ಮತ್ತು ನಾನು. ಬಾಸು ಇಡೀ ದಿನ ಸ್ಕೂಟರಿನಲ್ಲಿ ಗಿರಾಕಿಗಳ ಹಿಂದೆ. ಹಾಗಾಗಿ ಕೋಣೆ ನಮ್ಮಿಬ್ಬರದೇ.

ಪದ್ಮಾ ಮಾದನಾಯಕನಹಳ್ಳಿಯವಳು. ಅವರ ರಾಗಿ ಹೊಲ ಗೋದಾಮಾಗಿ, ಆ ಗೋದಾಮಿನಲ್ಲೇ ಅವಳ ಅಪ್ಪ ಮೇಲ್ವಿಚಾರಕರಾಗಿದ್ದರು. ಮೇಜಿನ ಮೇಲೆ ಹತ್ತಿ ಕೂತು ಊಟ ಮಾಡುವವಳು, ನಕ್ಕರೆ ಕೆಳಗಿನ ಶೆಡ್ಡಿಗೂ ಕೇಳಿಸುವವಳು. ನಾನು ದಾವಣಗೆರೆಯವಳು. ಯಶವಂತಪುರದ ಫ್ಲ್ಯಾಟಿನಲ್ಲಿ ದೊಡ್ಡಪ್ಪನ ಮನೆಯಲ್ಲಿದ್ದೆ. ಅಲ್ಲಿ ಬೆಳಿಗ್ಗೆ ವಿಭೂತಿ, ಸಂಜೆ ಇಂಗ್ಲಿಷ್ ಪೇಪರು, ಯಾರೂ ದನಿಯೆತ್ತಿ ನಗುತ್ತಿರಲಿಲ್ಲ. ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ತರಗತಿ. ನಾನು ಮೊದಲ ಬೆಂಚು, ಅವಳು ನನ್ನ ಬೆನ್ನ ಹಿಂದಿನ ಬೆಂಚು. ಈ ವ್ಯವಸ್ಥೆ ಜೀವನವಿಡೀ ಹೀಗೇ ಇರುತ್ತದೆಂದು ನಾನು ನಂಬಿದ್ದೆ.

ಅಳತೆ ಕಾಯಲು ನಾವು ಬಳಸುತ್ತಿದ್ದದ್ದು ಒಂದು ಓಪನ್ ಸೋರ್ಸ್ ಟೂಲು. ಅದಕ್ಕೆ ಕಿಟಕಿಯಿಲ್ಲ, ಗುಂಡಿಯಿಲ್ಲ, ಚಿತ್ರವಿಲ್ಲ. ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪು ಮಾಡಿದರೆ ಎದ್ದು ಕೂತು ಯಂತ್ರದಿಂದ ಬರುವ ಅಂಕಿಗಳನ್ನು ನೋಡುತ್ತಿರುತ್ತದೆ. ಅಳತೆ ಮಿತಿ ಮೀರಿದರೆ ಕೀಂ ಎಂದು ಕೂಗುತ್ತದೆ. ಅದರ ನಿಜವಾದ ಹೆಸರನ್ನು ಇಲ್ಲಿ ಬರೆಯುವ ಮನಸ್ಸಿಲ್ಲ. ಯಾಕೆಂದರೆ ನೀವು ಹುಡುಕುತ್ತೀರಿ, ಹುಡುಕಿದರೆ ನಿಮಗೆ ಪದ್ಮಾಳ ಹೆಸರು ಸಿಗುತ್ತದೆ. ಶೆಡ್ಡಿನವರು ಅದನ್ನು ನಾಯಿ ಎನ್ನುತ್ತಿದ್ದರು. ‘ಅಕ್ಕಾ, ನಾಯಿ ಬೊಗಳ್ತಾ ಐತೆ’ ಎಂದು ಕೆಳಗಿನಿಂದ ಕೂಗಿದರೆ ನಮ್ಮಲ್ಲೊಬ್ಬರು ಮೆಟ್ಟಿಲಿಳಿಯಬೇಕು.

ಆ ಮಳೆಗಾಲ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಹೇಳುವಂತಿರಲಿಲ್ಲ. ಹೋದಾಗ ಗ್ರೈಂಡಿಂಗ್ ಮೆಷಿನ್ನುಗಳು ತಣ್ಣಗಾಗುತ್ತವೆ. ಬಂದ ಮೇಲೆ ಮತ್ತೆ ಬಿಸಿಯಾಗುವವರೆಗೆ ಉಜ್ಜಿದ ಪಿನ್ನುಗಳ ಅಳತೆ ಕೂಡುವುದಿಲ್ಲ. ಪೀಣ್ಯದಲ್ಲಿ ಇದು ಯಾರಿಗೂ ಹೊಸ ವಿಷಯವಲ್ಲ. ಆ ಪಿನ್ನುಗಳನ್ನು ಕೆಂಪು ಕ್ರೇಟಿಗೆ ಹಾಕುತ್ತಾರೆ, ಒಬ್ಬ ಮೆಷಿನ್ನಿಗೆ ಪಿನ್ನು ತಿನ್ನಿಸುತ್ತಿದ್ದರೆ ಉಳಿದವರು ಟೀ ಕುಡಿಯಲು ಹೋಗುತ್ತಾರೆ. ನಾಯಿಗೆ ಮಾತ್ರ ಇದು ಗೊತ್ತಿರಲಿಲ್ಲ. ಕರೆಂಟು ಬಂದೊಡನೆ ಒಂದೊಂದು ಪಿನ್ನಿಗೂ ಒಂದೊಂದು ಬೊಗಳು. ಮೊದಲು ಸ್ಪೀಕರಿನ ಮೇಲೆ ಬನಿಯನ್ ಬಟ್ಟೆ ಬಿತ್ತು. ಆಮೇಲೆ ವೈರು ಕಿತ್ತರು. ಹಾಗೆ ಕಿತ್ತಿದ್ದ ಒಂದು ಮಧ್ಯಾಹ್ನ ಉಜ್ಜುವ ಕಲ್ಲು ನಿಜವಾಗಿಯೇ ಸವೆಯಿತು. ನಾಯಿ ಬೊಗಳಿತು, ಯಾರಿಗೂ ಕೇಳಲಿಲ್ಲ, ಒಂದು ಕ್ರೇಟು ಪಿನ್ನು ಗುಜರಿಯಾಯಿತು.

ಗಂಗಮ್ಮ ಮೆಟ್ಟಿಲು ಹತ್ತಿ ಬಂದರು. ಎಣ್ಣೆ ಕೈಯನ್ನು ಸೆರಗಿಗೆ ತಾಗದಂತೆ ಮೇಲೆತ್ತಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತರು.

‘ಏನವ್ವಾ, ನಿಮ್ ನಾಯಿಗೆ ನೆಂಟ್ರು ಯಾರು ಕಳ್ಳ ಯಾರು ಗೊತ್ತಾಗಕಿಲ್ವಾ?’

‘ಅಕ್ಕಾ, ಅದಕ್ಕೆ ಮಿಷನ್ ತಣ್ಣಗಿರೋದು ಬಿಸಿ ಇರೋದು ತಿಳಿಯಲ್ಲ’ ಎಂದೆ.

‘ತಿಳೀದಿದ್ರೆ ತಿಳಿಸ್ರಿ. ಓದ್ದೋರಲ್ವಾ ನೀವು? ಹಬ್ಬ ಕಳ್ಯೋದ್ರೊಳಗೆ ಇಂಗೇ ಆಡಿದ್ರೆ ನಾಯೀನೂ ಹಿಡ್ಕಂಡು ನೀವೂ ಹೊರಡಿ. ಕೋಣೆ ಬೇರೆಯೋರು ಕೇಳ್ತಾವ್ರೆ.’

ಟೂಲಿಗೆ ಹೊಸ ಆಯ್ಕೆಯೊಂದನ್ನು ಸೇರಿಸೋಣ, ಕರೆಂಟು ಬಂದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರುವಂತೆ ಮಾಡೋಣ ಎಂದು ಮೊದಲು ಹೇಳಿದವರು ಯಾರು? ನನ್ನ ನೆನಪಿನಲ್ಲಿ ನಾನು. ಮೆಟ್ಟಿಲ ಮೇಲೆ ಕೂತಿದ್ದೆವು, ನನ್ನ ಕೈಯಲ್ಲಿ ಟೀ ಲೋಟವಿತ್ತು, ಸೋನೆ ಮಳೆಯಿತ್ತು. ಆದರೆ ಪದ್ಮಾಳ ನೆನಪಿನಲ್ಲಿಯೂ ಅವಳ ಕೈಯಲ್ಲಿ ಟೀ ಲೋಟ ಇದ್ದೇ ಇರುತ್ತದೆ. ಮಳೆ ಇಬ್ಬರ ಮೇಲೂ ಬಿದ್ದಿರುತ್ತದೆ. ಈ ಪ್ರಶ್ನೆಯನ್ನು ಇಲ್ಲಿಗೇ ಬಿಡುತ್ತೇನೆ. (ಬಿಟ್ಟಿಲ್ಲ.)

ಓಪನ್ ಸೋರ್ಸ್ ಎಂದರೆ ಟೂಲಿನ ಒಳಗನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ತಿದ್ದಿದ್ದನ್ನು ನಮ್ಮ ಶೆಡ್ಡಿನ ಮಟ್ಟಿಗೆ ಹಾಕಿಕೊಂಡರೆ ಯಾರೂ ಕೇಳುವುದಿಲ್ಲ. ಆದರೆ ಅದು ಎಲ್ಲರ ಟೂಲಿನೊಳಗೆ ಸೇರಬೇಕಾದರೆ ಅದನ್ನು ಬರೆದ ಮನುಷ್ಯ ಒಪ್ಪಬೇಕು. ಒಪ್ಪಿದರೆ, ನೆರವಾದವರ ಸಾಲಿನಲ್ಲಿ ನಮ್ಮ ಹೆಸರು. ಆ ಮನುಷ್ಯ ಯಾವ ದೇಶದವನೆಂದು ನಮಗೆ ಗೊತ್ತಿರಲಿಲ್ಲ. ನಾವು ಅವನನ್ನು ಯಜಮಾನ ಎನ್ನುತ್ತಿದ್ದೆವು. ಸಂಜೆ ಕಳಿಸಿದ ಪ್ರಶ್ನೆಗೆ ಬೆಳಿಗ್ಗೆ ನಾವು ಛತ್ರಿ ಮಡಚಿ ಒಳಬರುವಷ್ಟರಲ್ಲಿ ಉತ್ತರ ಬಂದು ಕೂತಿರುತ್ತಿತ್ತು. ಆ ಸಾಲಿನಲ್ಲಿ ನನ್ನ ಹೆಸರು ಬೇಕೆಂದು ನನಗೆ ಎಷ್ಟು ಆಸೆಯಿತ್ತೆಂದರೆ, ಅದನ್ನು ಯಾವ ಅಕ್ಷರಗಳಲ್ಲಿ ಬರೆಯಬೇಕು, ಅಪ್ಪನ ಹೆಸರಿನ ಮೊದಲಕ್ಷರ ಸೇರಿಸಬೇಕೋ ಬೇಡವೋ ಎಂದು ಬಸ್ಸಿನಲ್ಲಿ ಯೋಚಿಸುತ್ತಿದ್ದೆ.

ಇಬ್ಬರೂ ಬೇರೆ ಬೇರೆ ಬರೆಯೋಣ, ಯಜಮಾನನಿಗೆ ಎರಡನ್ನೂ ಕಳಿಸೋಣ ಎಂದು ನಾನೇ ಹೇಳಿದೆ. ಇದರಲ್ಲಿ ಅನುಮಾನವಿಲ್ಲ. ಗೆಲ್ಲುತ್ತೇನೆಂದು ಗೊತ್ತಿದ್ದವರು ಮಾತ್ರ ಹೇಳುವ ಮಾತು ಅದು.

ನನ್ನದರಲ್ಲಿ ನಾಯಿ ತಾನೇ ಕಲಿಯುತ್ತಿತ್ತು. ಅಳತೆಗಳು ಓಲಾಡುತ್ತಿರುವವರೆಗೆ ಮೆಷಿನ್ನು ಬಿಸಿಯಾಗುತ್ತಿದೆಯೆಂದು ತಿಳಿದು ಸುಮ್ಮನಿರುವುದು, ಓಲಾಟ ನಿಂತ ಜಾಗವನ್ನೇ ಸರಿಯೆಂದು ಹಿಡಿದು ಅಲ್ಲಿಂದ ಕಾವಲು ಶುರು ಮಾಡುವುದು. ಯಾರೂ ಏನನ್ನೂ ಹೇಳಿಕೊಡಬೇಕಿಲ್ಲ. ಬರೆಯುತ್ತ ಬರೆಯುತ್ತ ನನಗೇ ನನ್ನ ಮೇಲೆ ಮೋಹ ಬಂತು. ಪದ್ಮಾಳದು? ಸೆಟ್ಟಿಂಗ್ ಫೈಲಿನಲ್ಲಿ ಒಂದು ಸಾಲು. ‘ಶುರುವಿನ ಮೌನ’ ಎಂಬ ಅರ್ಥದ ಒಂದು ಹೆಸರು, ಅದರ ಮುಂದೆ ಇಷ್ಟು ನಿಮಿಷ ಎಂಬ ಅಂಕಿ. ಅಷ್ಟೇ. ಕೋಡು ಮುಗಿದ ಮೇಲೂ ಅವಳು ಅದರ ವಿವರಣೆಯನ್ನೇ ಬರೆಯುತ್ತ, ಅಳಿಸುತ್ತ, ಜೋರಾಗಿ ಓದುತ್ತ ಕೂತಿದ್ದಳು. ಅಂಕಿಯ ಜಾಗದಲ್ಲಿ ಸೊನ್ನೆ ಹಾಕಿದರೇನು, ಅಕ್ಷರ ಹಾಕಿದರೇನು, ಮೈನಸ್ ಹಾಕಿದರೇನು ಎಂದೆಲ್ಲ ಪರೀಕ್ಷಿಸುತ್ತಿದ್ದಳು.

‘ಮೈನಸ್ ನಿಮಿಷ ಯಾವ ದಡ್ಡ ಬರೀತಾನೆ ಪದ್ಮಾ?’

‘ನಾನೇ ಬರೆದ್ನಲ್ಲೇ ಈಗ. ನಾಯಿ ಸತ್ತೇ ಹೋಯ್ತು. ಬಾ, ಮಣ್ಣು ಮಾಡೋಣ.’

‘ಒಂದು ಸಾಲಿಗೆ ಇಷ್ಟು ಸಂಭ್ರಮ.’

‘ನಿಂದು ಅರಮನೆ ಕಣೇ ವೀಣಾ, ನಂದು ಬಾಗ್ಲು. ಒಳಗೋಗಕ್ಕೆ ಬಾಗ್ಲೇ ಬೇಕು’ ಎಂದು ಅವಳು ನಕ್ಕಾಗ ಕೆಳಗಿನಿಂದ ಯಾರೋ ‘ಏನಕ್ಕಾ ಜೋಕು?’ ಎಂದು ಕೂಗಿದರು.

ಎರಡನ್ನೂ ಕಳಿಸಿದೆವು. ಮಾರನೆಯ ಬೆಳಿಗ್ಗೆ ಅವಳಿಗೆ ಯಜಮಾನನಿಂದ ಪ್ರಶ್ನೆಗಳು ಬಂದಿದ್ದವು. ಹೆಸರು ಹೀಗೇಕೆ? ನಿಮಿಷವೇಕೆ, ಸೆಕೆಂಡು ಯಾಕಲ್ಲ? ಮಧ್ಯೆ ಕರೆಂಟು ಮತ್ತೆ ಹೋದರೆ ಎಣಿಕೆ ಮೊದಲಿನಿಂದಲೋ? ನನಗೆ ಬಂದದ್ದು ಒಂದು ಸಾಲು: ಕುತೂಹಲಕರವಾಗಿದೆ, ಓದಲು ಸಮಯ ಬೇಕು. ಅವಳಿಗೆ ಬರುವ ಪ್ರಶ್ನೆಗಳನ್ನು ನಾನು ಅವಳ ಹೆಗಲ ಮೇಲಿಂದ ಓದುತ್ತಿದ್ದೆ. ಅವಳ ಉತ್ತರವೊಂದಕ್ಕೆ ಅವನು ‘ಚೆನ್ನಾಗಿದೆ’ ಎಂದು ಬರೆದ ದಿನ ನಾನು ಮಧ್ಯಾಹ್ನ ಊಟ ಬಿಟ್ಟೆ. ಒಬ್ಬ ಮುಖ ಕಾಣದ ಮನುಷ್ಯ, ಎಲ್ಲಿಯೋ ಕೂತು, ನನ್ನ ಹಿಂದಿನ ಬೆಂಚಿನವಳಿಗೆ ಚೆನ್ನಾಗಿದೆ ಎಂದ. ಅದಕ್ಕೆ ನನ್ನ ಮೊಸರನ್ನವೇಕೆ ಹಳಸಬೇಕಿತ್ತು? ಪದ್ಮಾ ಕೇಳಿದಳು, ‘ಯಾಕೇ, ಹುಷಾರಿಲ್ವಾ?’ ನಾನು ತಲೆನೋವು ಎಂದೆ. ಅವಳು ಮೇಜಿನಿಂದಿಳಿದು ತನ್ನ ಅಮೃತಾಂಜನದ ಡಬ್ಬಿ ಕೊಟ್ಟಳು. ಹೊಟ್ಟೆಗೆ ಹಚ್ಚುವ ಅಮೃತಾಂಜನ ಇಲ್ಲ.

ಅಷ್ಟರಲ್ಲಿ ಆಯುಧ ಪೂಜೆ ಬಂತು. ಗಂಗಮ್ಮನ ಗಡುವೂ ಅದೇ. ಶೆಡ್ಡಿನಲ್ಲಿ ಎರಡು ಗ್ರೈಂಡಿಂಗ್ ಮೆಷಿನ್ನುಗಳಿದ್ದವು. ಒಂದಕ್ಕೆ ಪದ್ಮಾಳ ನಾಯಿ, ಇನ್ನೊಂದಕ್ಕೆ ನನ್ನದು ಕಟ್ಟಿದೆವು. ಹಬ್ಬ ಮುಗಿದು ಕೆಲಸ ಶುರುವಾಗುವ ದಿನ ಎರಡನ್ನೂ ಗಂಗಮ್ಮನೇ ನೋಡಿ, ಒಂದನ್ನು ಉಳಿಸಿಕೊಳ್ಳುವುದು ಎಂದು ಒಪ್ಪಂದ.

ಪೂಜೆಯ ದಿನ ಶೆಡ್ಡು ಗುರುತೇ ಸಿಗಲಿಲ್ಲ. ಎಣ್ಣೆ ಜಿಡ್ಡನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಮೆಷಿನ್ನುಗಳಿಗೆ ಬಾಳೆಕಂದು ಕಟ್ಟಿ, ಚೆಂಡು ಹೂವಿನ ಹಾರ ಹಾಕಿದ್ದರು. ಗಂಗಮ್ಮ ಹೊಸ ಸೀರೆಯುಟ್ಟು, ಬಟ್ಟಲಲ್ಲಿ ಗಂಧ ಕಲಸಿಕೊಂಡು ಒಂದೊಂದಕ್ಕೂ ಬೊಟ್ಟಿಡುತ್ತ ಹೋದರು. ಮೋಟಾರಿಗೆ, ಸ್ಪ್ಯಾನರಿಗೆ, ಕಂಪ್ಯೂಟರಿಗೆ, ನಾಯಿಯ ಸ್ಪೀಕರಿಗೆ. ಎರಡೂ ಮೆಷಿನ್ನುಗಳಲ್ಲಿ ಪಿನ್ನನ್ನಿಟ್ಟು ಅಳೆಯುವ ಗೇಜಿನ ಪುಟ್ಟ ಉಕ್ಕಿನ ಪೀಠಕ್ಕೂ. ಅದು ಅಳತೆಯ ಜಾಗ, ಅಲ್ಲಿ ಬೆರಳು ಕೂಡ ತಾಗಿಸಬಾರದೆಂದು ವರ್ಷವಿಡೀ ಎಲ್ಲರಿಗೂ ಬೈಯುತ್ತಿದ್ದವರು ಅವರೇ. ಆದರೆ ಆ ದಿನ ಅದು ಗೇಜಲ್ಲ, ದೇವರು. ನಾವಿಬ್ಬರೂ ಪಕ್ಕದಲ್ಲೇ ಪುರಿ ಕಡಲೆ ತಿನ್ನುತ್ತ ನಿಂತಿದ್ದೆವು. ನಮಗೂ ಹೊಳೆಯಲಿಲ್ಲ.

ಹಬ್ಬದ ರಜೆ ಕಳೆದು ಮೆಷಿನ್ನು ಶುರುವಾದ ಬೆಳಿಗ್ಗೆ ಎರಡೂ ನಾಯಿಗಳು ಸುಮ್ಮನೆ ಕೂತಿದ್ದವು. ಎಲ್ಲರೂ ಟೀಗೆ ಹೋಗಿ ಬಂದರು. ಲೋಟಗಳು ವಾಪಸು ಬಂದವೋ ಇಲ್ಲವೋ, ಪದ್ಮಾಳ ನಾಯಿ ಬೊಗಳತೊಡಗಿತು. ಪಿನ್ನು ದಪ್ಪ, ಪಿನ್ನು ದಪ್ಪ, ಪಿನ್ನು ದಪ್ಪ. ನನ್ನ ನಾಯಿ ಅದೇ ಅಳತೆ ನೋಡಿ, ಓಲಾಟ ನಿಂತಿದೆಯಲ್ಲ, ಇದೇ ಸರಿಯಿರಬೇಕು ಎಂದುಕೊಂಡು ಋಷಿಯ ಹಾಗೆ ಕೂತೇ ಇತ್ತು.

ಕೆಲಸದವರು ಪದ್ಮಾಳ ಕಡೆಯ ಮೆಷಿನ್ನು ನಿಲ್ಲಿಸಿದರು. ಕೈಯಲ್ಲಿ ಹಿಡಿಯುವ ಮೈಕ್ರೊಮೀಟರಿನಿಂದ ಅಳೆದರೆ ಪಿನ್ನು ಸರಿಯಾಗಿಯೇ ಇತ್ತು. ನನಗಾದ ಖುಷಿ ಹೇಳಬಾರದು.

‘ನೋಡಿದ್ಯಾ? ಪಿನ್ನು ಸರಿ ಇದೆ. ಸುಮ್ನೆ ಬೊಗಳಿದ್ದು ನಿಂದು’ ಎಂದೆ.

ಪದ್ಮಾ ಗೇಜಿನ ಪೀಠದ ಮೇಲೆ ಉಗುರಿನಿಂದ ಕೆರೆದಳು. ಒಣಗಿದ ಗಂಧ ಹಕ್ಕಳೆಯಾಗಿ ಎದ್ದಿತು. ಎದುರಿನ ಮೆಷಿನ್ನಿಗೆ ಹೋಗಿ ನನ್ನ ಗೇಜಿನಿಂದಲೂ ಕೆರೆದಳು. ಅಲ್ಲಿಯೂ ಗಂಧ.

‘ಪಿನ್ನು ಸರಿ ಐತೆ, ಗೇಜು ಸರಿ ಇಲ್ಲ, ಗಂಧದ ದಪ್ಪಾನೂ ಸೇರ್ಸಿ ಅಳೀತೈತೆ. ಅದಕ್ಕೇ ಬೊಗಳ್ತು’ ಎಂದಳು.

‘ಆದ್ರೆ ನನ್ನ ಕಡೆ ಒಂದು ಪಿನ್ನೂ ಹಾಳಾಗ್ಲಿಲ್ವಲ್ಲ ಅಕ್ಕಾ?’ ನಾನು ಗಂಗಮ್ಮನ ಕಡೆ ತಿರುಗಿ ಕೇಳಿದೆ.

ಗಂಗಮ್ಮ ಹಕ್ಕಳೆಯನ್ನು ಕಣ್ಣಿಗೊತ್ತಿಕೊಂಡು ಹೇಳಿದರು: ‘ನಿಂದು ಬಲೇ ಬುದ್ವಂತ ನಾಯಿ ಕಣ್ ಮಗಾ. ಕಳ್ಳ ಬಂದು ನಾಕು ದಿನ ಉಳ್ಕಂಡ್ರೆ ಅವ್ನೇ ಯಜ್ಮಾನ ಅಂತ ಬಾಲ ಆಡಿಸ್ತದೆ. ನಂಗೆ ದಡ್ಡ ನಾಯೇ ಇರ್ಲಿ.’

ಶೆಡ್ಡೆಲ್ಲ ನಕ್ಕಿತು. ಪದ್ಮಾ ಎಲ್ಲರಿಗಿಂತ ಜೋರಾಗಿ.

ಇಲ್ಲೊಂದು ತಕರಾರು. ನಾನು ಈ ಕಥೆ ಹೇಳುವಾಗಲೆಲ್ಲ ಗಂಧದ ಬೆಳಿಗ್ಗೆ ಮೊದಲು, ಯಜಮಾನನ ತೀರ್ಮಾನ ಆಮೇಲೆ. ಹಾಗಿದ್ದರೆ ಹೇಳಲು ಸಲೀಸು: ಸೋತೆ, ಯಾಕೆ ಸೋತೆನೆಂದು ಗೊತ್ತಿತ್ತು. ಆದರೆ ತೀರ್ಮಾನದ ಪತ್ರ ಓದಿದ ದಿನ ಕಿಟಕಿಯ ಹೊರಗೆ ಹಾರವಿಲ್ಲದ ಲಾರಿಗಳು ನಿಂತಿದ್ದ ಚಿತ್ರವೂ ಕಣ್ಣಲ್ಲಿದೆ. ಹಬ್ಬದ ಮೇಲೆ ಪೀಣ್ಯದ ಲಾರಿಗಳಿಗೆ ಹಾರ ಒಣಗಿ ಉದುರುವವರೆಗೂ ಇರುತ್ತದೆ. ಅಂದರೆ ಪತ್ರ ಮೊದಲೇ ಬಂದಿತ್ತೇ? ಸೋತದ್ದು ಗೊತ್ತಿದ್ದೂ ನಾನು ಶೆಡ್ಡಿನಲ್ಲಾದರೂ ಗೆಲ್ಲೋಣವೆಂದು ನಾಯಿ ಕಟ್ಟಿದ್ದೆನೇ? ಎಲ್ಲ ಪತ್ರಗಳೂ ಈಗಲೂ ಇಂಟರ್ನೆಟ್ಟಿನಲ್ಲಿವೆ, ತಾರೀಕು ಸಮೇತ. ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ನೋಡಿಲ್ಲ.

ಯಜಮಾನ ನನಗೆ ಉದ್ದವಾಗಿಯೇ ಬರೆದಿದ್ದ. ಅದರ ಸಾರ ಹೀಗೆ: ನೀವು ಕಳಿಸಿದ್ದು ಬಹಳ ಜಾಣ್ಮೆಯದು, ನನ್ನಿಂದ ಬರೆಯಲಾಗುತ್ತಿರಲಿಲ್ಲ. ಆದರೆ ಅದು ಸುಮ್ಮನಿದ್ದಾಗ ಯಾಕೆ ಸುಮ್ಮನಿದೆಯೆಂದು ನನಗೆ ತಿಳಿಯುವುದಿಲ್ಲ. ಇನ್ನೊಬ್ಬರದರಲ್ಲಿ ಮೌನದ ಕಾರಣ ಫೈಲಿನಲ್ಲಿ ಬರೆದಿರುತ್ತದೆ. ಅದನ್ನು ತೆಗೆದುಕೊಳ್ಳುತ್ತಿದ್ದೇನೆ. ಹೊಗಳಿಕೆ ನನಗೆ, ಜಾಗ ಅವಳಿಗೆ. ಬೈದಿದ್ದರೆ ಇಷ್ಟು ವರ್ಷ ಉರಿಯುತ್ತಿರಲಿಲ್ಲವೇನೋ.

ಅಲ್ಲಿಗೂ ಮುಗಿಯಲಿಲ್ಲ. ಯಾವ ಆಯ್ಕೆಗಾದರೂ ಒಂದು ಡಿಫಾಲ್ಟ್ ಬೇಕು, ಅಂದರೆ ಬಳಸುವವರು ಏನನ್ನೂ ಬರೆಯದೆ ಬಿಟ್ಟಾಗ ಟೂಲು ತಾನಾಗಿ ಹಿಡಿಯುವ ಅಂಕಿ. ಹೊಸ ಆಯ್ಕೆಯ ಡಿಫಾಲ್ಟ್ ಸೊನ್ನೆಯಾಗಿರಬೇಕು, ಹಳಬರಿಗೆ ಏನೂ ಬದಲಾಗಬಾರದು ಎಂಬುದು ಎಲ್ಲರೂ ಒಪ್ಪಿದ ರೂಢಿ. ಯಜಮಾನನೂ ಅದನ್ನೇ ಹೇಳಿದ. ಪದ್ಮಾ ಒಪ್ಪಲಿಲ್ಲ. ಸೆಟ್ಟಿಂಗ್ ಫೈಲನ್ನು ಯಾರೂ ತೆರೆದು ನೋಡುವುದಿಲ್ಲ, ಸಿಟ್ಟು ಬಂದರೆ ಸ್ಪೀಕರಿನ ವೈರು ಕೀಳುತ್ತಾರೆ, ಆದ್ದರಿಂದ ಡಿಫಾಲ್ಟ್ ಹನ್ನೆರಡು ನಿಮಿಷ ಇರಲಿ ಎಂದು ವಾದಿಸಿದಳು. ಹನ್ನೆರಡು ಎಲ್ಲಿಂದ ಬಂತು ಎಂದು ಅವನು ಕೇಳಿದ. ಅವಳು ಉತ್ತರ ಬರೆದು ನನಗೆ ತೋರಿಸಿದಳು: ನಮ್ಮ ಶೆಡ್ಡಿನಲ್ಲಿ ಕರೆಂಟು ಬಂದ ಮೇಲೆ ಟೀಗೆ ಹೋದವರು ಲೋಟ ವಾಪಸು ಇಡುವವರೆಗೆ ಹಿಡಿಯುವ ಹೊತ್ತು, ಮೆಷಿನ್ನೂ ಅಷ್ಟರಲ್ಲಿ ಬಿಸಿಯಾಗಿರುತ್ತದೆ.

‘ಇದನ್ನ ಕಳಿಸ್ತೀಯಾ? ನಗ್ತಾನೆ ಪದ್ಮಾ’ ಎಂದೆ. ನಗಲಿ ಎಂದು ಬೇಡಿಕೊಳ್ಳುತ್ತಿದ್ದೆ.

‘ನಗ್ಲಿ ಬಿಡೇ, ನಕ್ರೆ ಒಳ್ಳೇದು.’

ಅವನು ನಕ್ಕನೋ ಇಲ್ಲವೋ, ಹನ್ನೆರಡನ್ನು ಹಾಗೇ ಸೇರಿಸಿದ. ಅಂದಿನಿಂದ ಜಗತ್ತಿನಲ್ಲಿ ಎಲ್ಲಿ ಆ ಟೂಲು ಎದ್ದರೂ ಮೊದಲ ಹನ್ನೆರಡು ನಿಮಿಷ ಬಾಯಿ ಬಿಡುವುದಿಲ್ಲ. ಹಿಮ ಬೀಳುವ ಯಾವುದೋ ಊರಿನ ಕಾರ್ಖಾನೆ, ಅಲ್ಲಿ ಟೀ ಕುಡಿಯುವವರೇ ಇಲ್ಲದಿರಬಹುದು, ಅದೂ ಗಂಗಮ್ಮನ ಶೆಡ್ಡಿನ ಟೀ ಮುಗಿಯುವವರೆಗೆ ಕಾಯುತ್ತದೆ. ಯಾಕೆ ಕಾಯುತ್ತಿದ್ದೇವೆಂದು ಅವರಿಗೆ ಗೊತ್ತಿಲ್ಲ. ಇದಕ್ಕಿಂತ ದೊಡ್ಡ ಕೀರ್ತಿಯನ್ನು ನನ್ನಿಂದ ಊಹಿಸಲು ಆಗಿಲ್ಲ.

ಪದ್ಮಾ ಮನೆಯಿಂದ ಒಬ್ಬಟ್ಟು ತಂದಳು. ‘ಅಕ್ಕಾ, ನಿಮ್ ಟೀ ಫಾರಿನ್‌ಗೆ ಹೋಯ್ತು’ ಎಂದು ಗಂಗಮ್ಮನ ಬಾಯಿಗೇ ಒಂದು ಚೂರಿಟ್ಟಳು. ‘ವೀಸಾ ಕೊಟ್ರಾ?’ ಎಂದರು ಗಂಗಮ್ಮ. ನನಗೆ ಎರಡು ಒಬ್ಬಟ್ಟು, ಮೇಲೆ ತುಪ್ಪ. ತುಂಬ ಚೆನ್ನಾಗಿತ್ತು. ಅದೂ ಸಿಟ್ಟು ತರಿಸಿತು.

ಮುಂದಿನ ಬೇಸಿಗೆಯಲ್ಲಿ ನಾನು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಹಿಡಿದು ಚಂದಾಪುರಕ್ಕೆ ಮನೆ ಬದಲಿಸಿದೆ. ಅಲ್ಲಿಯೂ ಅಳತೆ, ಅಲ್ಲಿಯೂ ಅದೇ ನಾಯಿ. ಹೊಸ ಕೆಲಸದ ಮೊದಲ ದಿನವೇ ಸೆಟ್ಟಿಂಗ್ ಫೈಲು ತೆರೆದು ಪದ್ಮಾಳ ಆಯ್ಕೆಯ ಮುಂದೆ ಹತ್ತು ಎಂದು ಬರೆದೆ. ಬೇರೆ ಕಾರಣವಿರಲಿಲ್ಲ, ಹನ್ನೆರಡು ಆಗಬಾರದಿತ್ತು. ಹತ್ತಕ್ಕೆ, ಬೆಳಿಗ್ಗೆ ತಣ್ಣಗಿದ್ದ ಮೆಷಿನ್ನು ಬಿಸಿಯಾಗುವ ಮೊದಲೇ, ನಾಯಿ ಬೊಗಳಿತು. ಹದಿನೈದು ಎಂದು ಬರೆದೆ, ಹಾಳಾದ ಪೀಸುಗಳು ಸದ್ದಿಲ್ಲದೆ ದಾಟಿದವು. ಹನ್ನೊಂದು, ಹದಿನಾಲ್ಕು, ಹದಿಮೂರು. ಬೇರೆ ಮೆಷಿನ್ನು, ಬೇರೆ ಲೋಹ, ಕರೆಂಟು ಹೋಗದ ಹವಾನಿಯಂತ್ರಿತ ಕಟ್ಟಡ. ಆದರೂ ಅಂಕಿ ಜಾರಿ ಜಾರಿ ಅಲ್ಲಿಗೇ ಬಂದು ನಿಂತಿತು.

ಮೊನ್ನೆ ಪೀಣ್ಯದಲ್ಲಿ ಇಳಿದವಳು ಶೆಡ್ಡಿನ ಕಡೆ ಹೋಗಲಿಲ್ಲ. ಪ್ಲಾಟ್‌ಫಾರ್ಮಿನಲ್ಲೇ ನಿಂತು ಪದ್ಮಾಳಿಗೆ ಫೋನು ಮಾಡಿದೆ. ಯಜಮಾನನಿಗೆ ಈಗ ವಯಸ್ಸಾಗಿದೆ. ಹೊಸ ಆಯ್ಕೆಗಳನ್ನು ಓದಿ ಬೇಕು ಬೇಡ ಎನ್ನುವವಳು ಅವಳೇ. ಇದನ್ನೂ ಉರಿಯ ಲೆಕ್ಕಕ್ಕೆ ಸೇರಿಸಿಕೊಳ್ಳಿ.

‘ಏನೇ ತಾಯಿ, ಸತ್ತಿದೀಯಾ ಬದುಕಿದೀಯಾ?’ ಅದೇ ದನಿ, ಮೇಜಿನ ಮೇಲಿಂದ ಬಂದ ಹಾಗೆ. ಗಂಗಮ್ಮ ಚೆನ್ನಾಗಿದ್ದಾರೆ, ಮೊಣಕಾಲು ನೋವಂತೆ, ಮೂರನೇ ಮೆಷಿನ್ನು ಹಾಕಿದ್ದಾರಂತೆ. ಆಮೇಲೆ ಕೆಲಸದ ಮಾತು ಬಂತು.

‘ನೀನೂ ನಾಯಿ ಸಾಕ್ಕೊಂಡಿದೀಯಲ್ಲ, ಶುರುಗೆ ಎಷ್ಟು ನಿಮಿಷ ಇಟ್ಕೊಂಡಿದೀಯಾ?’

‘ಹನ್ನೆರಡು.’

‘ಅಯ್ಯೋ ಮಂಕೆ, ಹನ್ನೆರಡು ಡಿಫಾಲ್ಟ್ ಕಣೇ. ಆ ಸಾಲು ಬರೆಯೋದೇ ಬೇಡ, ತೆಗ್ದಾಕು.’

‘ಗೊತ್ತು.’

‘ಗೊತ್ತಿದ್ದೂ ಯಾಕೆ ಬರ್ದಿದೀಯಾ?’

ರೈಲೊಂದು ಬಂದು ನಿಂತು ಬಾಗಿಲು ತೆರೆಯಿತು. ಬಾವಿಯ ವಾಸನೆಯವರು ಕೆಲವರು ಇಳಿದರು, ಕೆಲವರು ಹತ್ತಿದರು.

‘ನಾಳೆ ನೀನು ಡಿಫಾಲ್ಟ್ ಬದ್ಲಾಯಿಸಿದ್ರೂ ನಂದು ಬದ್ಲಾಗ್ಬಾರ್ದು, ಅದಕ್ಕೆ’ ಎಂದೆ.

ಅವಳು ನಕ್ಕಳು. ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. ಆ ಸಾಲು ಇನ್ನೂ ಅಲ್ಲೇ ಇದೆ.